ಪಿಸಿಸಿ: ತಿಕೋಟಾ, ಬಬಲೇಶ್ವರದಿಂದ ಸಂಗಾತಿ ವೀಸಾಕ್ಕೆ ಹೊರಟವರಿಗೆ

ಗಂಡ ಮೆಲ್ಬರ್ನ್‌ನಲ್ಲಿ ನೌಕರಿಯಲ್ಲಿದ್ದಾನೆ, ಹೆಂಡತಿ ಇನ್ನೂ ಬಬಲೇಶ್ವರದ ತವರಿನಲ್ಲಿದ್ದಾಳೆ. ಮದುವೆ ನೋಂದಣಿ ಪತ್ರ, ಲಗ್ನದ ಫೋಟೊ, ಬ್ಯಾಂಕಿನ ಲೆಕ್ಕ ಎಲ್ಲ ಜೋಡಿಸಿಟ್ಟ ಮೇಲೂ ವೀಸಾ ಪಟ್ಟಿಯಲ್ಲಿ ಒಂದು ಕಾಗದ ಬಾಕಿ ಉಳಿದಿರುತ್ತದೆ. ಅದೇ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ಎಲ್ಲರ ಬಾಯಲ್ಲಿ ಅದು ಪಿಸಿಸಿ. ಹೆಸರಲ್ಲೇ ಪೊಲೀಸ್ ಇದೆಯೆಂದು ಮನೆಯವರು ಮೊದಲು ಹೋಗುವುದು ಊರ ಠಾಣೆಗೆ. ಅಲ್ಲಿ ಸಿಗುವ ಉತ್ತರ: ‘ಇಲ್ಲಿ ಕೊಡಂಗಿಲ್ರೀ, ಪಾಸ್‌ಪೋರ್ಟ್ ಆಫೀಸಿಗೆ ಅರ್ಜಿ ಹಾಕ್ರಿ.’

ಠಾಣೆಯವರು ಹೇಳುವುದು ಸರಿ. ವಿದೇಶಿ ವೀಸಾಕ್ಕೆ ಬೇಕಾದ ಪಿಸಿಸಿಯನ್ನು ಕೊಡುವುದು ವಿದೇಶಾಂಗ ಸಚಿವಾಲಯದ ಅಡಿ ಬರುವ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ. ನಮ್ಮ ವಿಜಯಪುರ ಜಿಲ್ಲೆಗೆ ಅದು ಬೆಂಗಳೂರಿನ ಕಚೇರಿ. ಪೊಲೀಸರದ್ದು ವಿಚಾರಣೆ ಮಾಡಿ ವರದಿ ಕಳಿಸುವ ಕೆಲಸ ಮಾತ್ರ. ರಾಜ್ಯದ ಸೇವಾ ಸಿಂಧು ಪೋರ್ಟಲ್‌ನಲ್ಲಿಯೂ ಪೊಲೀಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಸೌಲಭ್ಯವಿದೆ. ಆದರೆ ಅದು ದೇಶದೊಳಗಿನ ನೌಕರಿಯಂಥ ಕೆಲಸಕ್ಕೆ ಬಳಕೆಯಾಗುವಂಥದ್ದು. ಅದನ್ನು ವೀಸಾ ಅರ್ಜಿಗೆ ಲಗತ್ತಿಸಿದರೆ ಪಾಸ್‌ಪೋರ್ಟ್ ಕಚೇರಿಯದ್ದೇ ಬೇಕೆಂದು ತಿರುಗಿ ಕೇಳುತ್ತಾರೆ. ಹೋದ ಸಮಯ ಮರಳಿ ಬರುವುದಿಲ್ಲ.

ಈ ಕಾಗದ ನಿಮ್ಮ ನಡತೆಗೆ ಕೊಡುವ ಶಿಫಾರಸಲ್ಲ. ಇಂಥ ಪಾಸ್‌ಪೋರ್ಟ್ ಸಂಖ್ಯೆಯ ಇಂಥವರಿಗೆ ಇಂಥ ದೇಶದ ವೀಸಾ ಪಡೆಯಲು ಅಡ್ಡಿಯಾಗುವ ಪ್ರತಿಕೂಲ ಮಾಹಿತಿ ದಾಖಲೆಯಲ್ಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ಹಾಗೆ ಹೇಳಬೇಕಾದರೆ ನಿಮ್ಮ ಹೆಸರು, ವಿಳಾಸ ಮತ್ತು ಠಾಣೆಯ ದಾಖಲೆ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಪಿಸಿಸಿ ತಡವಾಗುವ ಬಹುಪಾಲು ಪ್ರಸಂಗಗಳಲ್ಲಿ ಕೇಸು ಇರುವುದಿಲ್ಲ, ತಾಳೆಯಾಗದ ಕಾಗದ ಇರುತ್ತದೆ. ಆದ್ದರಿಂದ ಹೆಚ್ಚಿನ ಕೆಲಸ ಅರ್ಜಿ ತುಂಬುವ ಮೊದಲೇ ಮುಗಿದಿರಬೇಕು.

ಯಾವ ದೇಶ ಏನು ಕೇಳುತ್ತದೆ

ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಆಸ್ಟ್ರೇಲಿಯಾದ ಸಂಗಾತಿ ವೀಸಾಕ್ಕೆ, ಅಂದರೆ ಹೊರಗಿನಿಂದ ಹಾಕುವ 309/100 ಅಥವಾ ಅಲ್ಲೇ ಇದ್ದು ಹಾಕುವ 820/801ಕ್ಕೆ, ನಿಯಮ ಹೀಗಿದೆ: 16 ವರ್ಷ ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ ಒಟ್ಟು 12 ತಿಂಗಳು ಅಥವಾ ಹೆಚ್ಚು ಕಾಲ ಇದ್ದ ಪ್ರತಿ ದೇಶದಿಂದಲೂ ಪ್ರಮಾಣಪತ್ರ ಬೇಕು. 12 ತಿಂಗಳು ಒಂದೇ ಸಮನೆ ಇದ್ದಿರಬೇಕೆಂದಿಲ್ಲ, ಬಿಟ್ಟು ಬಿಟ್ಟು ಇದ್ದದ್ದನ್ನೂ ಕೂಡಿಸುತ್ತಾರೆ. ಪ್ರಮಾಣಪತ್ರವನ್ನು ಕೊಟ್ಟ ದಿನದಿಂದ 12 ತಿಂಗಳು ಮಾನ್ಯವೆಂದು ಅಲ್ಲಿ ಪರಿಗಣಿಸುತ್ತಾರೆ.

ಕೆನಡಾ ಕೇಳುವುದು 18 ವರ್ಷದ ನಂತರ, ಕಳೆದ 10 ವರ್ಷಗಳಲ್ಲಿ ಸತತ 6 ತಿಂಗಳು ಅಥವಾ ಹೆಚ್ಚು ಇದ್ದ ದೇಶಗಳದ್ದು. ಈಗ ಇರುವ ದೇಶದ ಪ್ರಮಾಣಪತ್ರ ಅರ್ಜಿಗೆ ಮುಂಚಿನ 6 ತಿಂಗಳೊಳಗಿನದಾಗಿರಬೇಕು. ಅಮೆರಿಕದ ವಲಸೆ ವೀಸಾಕ್ಕೆ 16 ತುಂಬಿದವರೆಲ್ಲ ಕೊಡಬೇಕು. ಸ್ವಂತ ದೇಶದಲ್ಲಿ 6 ತಿಂಗಳಿಗಿಂತ ಹೆಚ್ಚು ಅಥವಾ ಹಿಂದೆ ಬೇರೆ ದೇಶದಲ್ಲಿ 12 ತಿಂಗಳು ಇಲ್ಲವೆ ಹೆಚ್ಚು ಇದ್ದರೆ ಅಲ್ಲಿಯದು ಬೇಕು. ಎಲ್ಲಾದರೂ ಬಂಧನವಾಗಿದ್ದರೆ ಎಷ್ಟೇ ದಿನ ಇದ್ದರೂ ಬೇಕು. ಬ್ರಿಟನ್ನಿನ ಗಂಡ-ಹೆಂಡತಿ ವೀಸಾದಲ್ಲಿ ಸಾಮಾನ್ಯವಾಗಿ ಪಿಸಿಸಿ ಕೇಳುವುದೇ ಇಲ್ಲ. ಅಲ್ಲಿ ಅರ್ಜಿಯಲ್ಲಿನ ಘೋಷಣೆ ಮತ್ತು ಕ್ಷಯರೋಗ ತಪಾಸಣೆಗೆ ಹೆಚ್ಚು ತೂಕ. ಈ ನಿಯಮಗಳು ಬದಲಾಗುತ್ತ ಇರುತ್ತವೆ. ಅರ್ಜಿ ಹಾಕುವ ವಾರ ಆ ದೇಶದ ವಲಸೆ ಇಲಾಖೆಯ ಪುಟವನ್ನು ನೀವೇ ಒಮ್ಮೆ ಓದಿ.

ಅರ್ಜಿ ಹಾಕುವವಳ ಕಾಗದದ ಗಡಿಬಿಡಿಯಲ್ಲಿ ಕರೆಸಿಕೊಳ್ಳುವವನದ್ದು ಹಿಂದೆ ಬೀಳುತ್ತದೆ. ಆಸ್ಟ್ರೇಲಿಯಾದಲ್ಲಿ ಸ್ಪಾನ್ಸರ್ ಆದವರಿಂದಲೂ ಪೊಲೀಸ್ ಪ್ರಮಾಣಪತ್ರ ಕೇಳುತ್ತಾರೆ. ಗಂಡ ಅಲ್ಲಿಗೆ ಹೋಗಿ ನಾಲ್ಕೇ ವರ್ಷವಾಗಿದ್ದರೆ, ಅದಕ್ಕೂ ಮುಂಚಿನ ಆರು ವರ್ಷ ಭಾರತದಲ್ಲಿದ್ದ ಲೆಕ್ಕ. ಅವನಿಗೂ ಭಾರತದ ಪಿಸಿಸಿ ಬೇಕಾಗಬಹುದು. ಅವನು ಅದನ್ನು ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಹಾಕಬೇಕು. ಅವನ ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸಕ್ಕೆ ವಿಚಾರಣೆ ಬರುವ ಸಾಧ್ಯತೆ ಇರುವುದರಿಂದ, ತಿಕೋಟಾದ ಮನೆಯಲ್ಲಿರುವ ಅಪ್ಪ-ಅವ್ವನಿಗೆ ಮೊದಲೇ ತಿಳಿಸಿರಬೇಕು. ಮಗ ಪರದೇಶದಲ್ಲಿರುವಾಗ ಪೊಲೀಸರು ಬಾಗಿಲಿಗೆ ಬಂದು ಅವನ ಹೆಸರು ಹೇಳಿದರೆ ಗಾಬರಿಯಾಗದ ತಾಯಿ ಯಾರು?

ಅರ್ಜಿಗೆ ಮುಂಚೆ: ಹೆಸರು

ಉತ್ತರ ಕರ್ನಾಟಕದ ಹೆಸರಿಗೆ ಮೂರು ತುಂಡು: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಮದುವೆಯಾದ ಮೇಲೆ ಎರಡನೆಯ ಮತ್ತು ಮೂರನೆಯ ತುಂಡು ಬದಲಾಗುವುದು ಇಲ್ಲಿನ ರೂಢಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಮತ್ತು ತವರಿನ ಅಡ್ಡಹೆಸರು, ಮದುವೆಯ ನಂತರ ತಿದ್ದಿಸಿದ ಆಧಾರ್‌ನಲ್ಲಿ ಗಂಡನ ಹೆಸರು ಮತ್ತು ಗಂಡನ ಮನೆಯ ಅಡ್ಡಹೆಸರು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೇ ಇಲ್ಲದೆ ಬರೀ ಇನಿಷಿಯಲ್. ಮೂರೂ ಕಾಗದ ಒಬ್ಬಳದ್ದೇ ಎಂದು ಊರಿಗೆ ಗೊತ್ತು, ವೀಸಾ ಅಧಿಕಾರಿಗೆ ಗೊತ್ತಿಲ್ಲ.

ಪಿಸಿಸಿ ಬರುವುದು ಪಾಸ್‌ಪೋರ್ಟಿನಲ್ಲಿರುವ ಹೆಸರಿಗೇ. ಆದ್ದರಿಂದ ಮೊದಲು ತೀರ್ಮಾನಿಸಬೇಕಾದದ್ದು ಪಾಸ್‌ಪೋರ್ಟಿನ ಹೆಸರನ್ನು ಬದಲಿಸುವುದೋ ಬೇಡವೋ ಎಂದು. ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಬೇಕೆಂಬ ಕಾನೂನಿಲ್ಲ. ತವರಿನ ಹೆಸರಲ್ಲೇ ವೀಸಾ ಹಾಕಬಹುದು, ಮದುವೆ ನೋಂದಣಿ ಪತ್ರವೇ ಸಂಬಂಧಕ್ಕೆ ಸಾಕ್ಷಿ. ಬದಲಿಸುವುದೇ ಆದರೆ ಪಿಸಿಸಿಗೆ ಮುಂಚೆ ಬದಲಿಸಿ. ಹಳೆಯ ಪಾಸ್‌ಪೋರ್ಟ್ ಸಂಖ್ಯೆಗೆ ಪಿಸಿಸಿ ಪಡೆದು, ಆಮೇಲೆ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಎರಡೂ ಕಾಗದದ ಸಂಖ್ಯೆ ಹೊಂದುವುದಿಲ್ಲ. ವೀಸಾ ಅರ್ಜಿಯಲ್ಲಿ ‘ಬೇರೆ ಹೆಸರುಗಳು’ ಎಂಬ ಅಂಕಣ ಇರುತ್ತದೆ. ಅಂಕಪಟ್ಟಿಯ ಹೆಸರು, ಆಧಾರ್‌ನ ಹೆಸರು, ಲಗ್ನದಲ್ಲಿ ಇಟ್ಟ ಹೆಸರು ಎಲ್ಲವನ್ನೂ ಅಲ್ಲಿ ಬರೆಯಿರಿ.

ಅರ್ಜಿಗೆ ಮುಂಚೆ: ಊರು

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತೊಡಕಿದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಅದಕ್ಕೂ ಮುಂಚಿನ ಜನನ ಪತ್ರ, ಪಾಸ್‌ಪೋರ್ಟ್, ಅಂಕಪಟ್ಟಿಗಳಲ್ಲಿ ಬಿಜಾಪುರ ಎಂದೇ ಇದೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ಮುಂಚೆ ಜಮಖಂಡಿ, ಮುಧೋಳ, ಬಾದಾಮಿಯಲ್ಲಿ ಹುಟ್ಟಿದವರ ಕಾಗದದಲ್ಲೂ ಜಿಲ್ಲೆ ಬಿಜಾಪುರವೇ. ಛತ್ತೀಸಗಡದಲ್ಲಿ ಬಿಜಾಪುರ ಎಂಬ ಇನ್ನೊಂದು ಜಿಲ್ಲೆ ಇದೆ. ದೇವನಹಳ್ಳಿ ತಾಲೂಕಿನಲ್ಲಿ ವಿಜಯಪುರ ಎಂಬ ಇನ್ನೊಂದು ಪಟ್ಟಣವಿದೆ. ಗೂಗಲ್‌ನಲ್ಲಿ ಹುಡುಕಿ ನೋಡುವ ವೀಸಾ ಅಧಿಕಾರಿಗೆ ಯಾವ ಊರು ಸಿಕ್ಕೀತು ಹೇಳಲಾಗದು.

ಇದಕ್ಕಾಗಿ ಹಳೆಯ ಕಾಗದ ತಿದ್ದಿಸುತ್ತ ಅಲೆಯಬೇಕಿಲ್ಲ. ವಿಳಾಸ ಬರೆಯುವಾಗ ಜಿಲ್ಲೆ, ರಾಜ್ಯ, ಪಿನ್ ಕೋಡ್ ಮೂರನ್ನೂ ಬಿಡದೆ ಬರೆಯಿರಿ. ನಮ್ಮ ಪಿನ್ 586ರಿಂದ ಶುರುವಾಗುತ್ತದೆ, ದೇವನಹಳ್ಳಿ ಕಡೆಯದು 562ರಿಂದ. ವೀಸಾ ಅರ್ಜಿಯ ಜೊತೆಗಿನ ಪತ್ರದಲ್ಲಿ ‘ಬಿಜಾಪುರದ ಹೆಸರು 2014ರಲ್ಲಿ ವಿಜಯಪುರ ಎಂದು ಬದಲಾಗಿದೆ, ಎರಡೂ ಒಂದೇ ಊರು’ ಎಂದು ಒಂದು ಸಾಲು ಸೇರಿಸಿದರೆ ಸಾಕು.

ತಾಲೂಕಿನ ವಿಷಯವೂ ಹಾಗೆಯೇ. ತಿಕೋಟಾ ಮತ್ತು ಬಬಲೇಶ್ವರ ಮೊದಲು ವಿಜಯಪುರ ತಾಲೂಕಿನಲ್ಲಿದ್ದವು, ಹೊಸ ತಾಲೂಕುಗಳಾದದ್ದು ಇತ್ತೀಚೆಗೆ. ಹಳೆಯ ರೇಷನ್ ಕಾರ್ಡಿನಲ್ಲಿ ವಿಜಯಪುರ ತಾಲೂಕು, ಹೊಸ ಆಧಾರ್‌ನಲ್ಲಿ ತಿಕೋಟಾ ತಾಲೂಕು ಇದ್ದರೆ ಅದು ತಪ್ಪಲ್ಲ. ಆದರೆ ಅರ್ಜಿಯಲ್ಲಿ ಪೊಲೀಸ್ ಠಾಣೆ ತುಂಬುವಾಗ ತಾಲೂಕನ್ನು ನೋಡಿ ಊಹಿಸಬೇಡಿ. ತಾಲೂಕಿನ ಗಡಿ ಬೇರೆ, ಠಾಣೆಯ ಸರಹದ್ದು ಬೇರೆ. ನಿಮ್ಮ ಹಳ್ಳಿ ತಿಕೋಟಾ ಠಾಣೆಗೆ ಬರುತ್ತದೋ, ಬಬಲೇಶ್ವರ ಠಾಣೆಗೋ, ವಿಜಯಪುರ ಗ್ರಾಮೀಣಕ್ಕೋ ಎಂದು ಊರಿನ ಬೀಟ್ ಪೊಲೀಸರನ್ನೋ ಪಂಚಾಯಿತಿಯವರನ್ನೋ ಕೇಳಿ ತುಂಬಿ. ನಗರದವರೂ ಅಷ್ಟೆ. ಗಾಂಧಿ ಚೌಕ್, ಗೋಳಗುಮ್ಮಟ, ಜಲನಗರ, ಆದರ್ಶನಗರ ಠಾಣೆಗಳ ನಡುವೆ ನಿಮ್ಮ ಓಣಿ ಎಲ್ಲಿ ಬೀಳುತ್ತದೆಂದು ತಿಳಿದುಕೊಳ್ಳಿ. ತಪ್ಪು ಠಾಣೆಗೆ ಹೋದ ಫೈಲು ತಿರುಗಿ ಬರುವಷ್ಟರಲ್ಲಿ ವಾರಗಳು ಕಳೆಯುತ್ತವೆ.

ಯಾವ ವಿಳಾಸ ಕೊಡಬೇಕು

ಹೊಸದಾಗಿ ಮದುವೆಯಾದವರ ಮನೆಗಳಲ್ಲಿ ಹೆಚ್ಚು ತಪ್ಪಾಗುವುದು ಇಲ್ಲೇ. ಮದುವೆಯಾದ ಮೇಲೆ ತವರಿನ ವಿಳಾಸ ಕೊಟ್ಟರೆ ಚೆಂದವಲ್ಲವೆಂದು ಅತ್ತೆಮನೆಯ ವಿಳಾಸ ಬರೆಸುತ್ತಾರೆ. ಹುಡುಗಿ ಇರುವುದು ತವರಿನಲ್ಲಿ. ಪೊಲೀಸರು ಅತ್ತೆಮನೆಗೆ ಹೋಗಿ ವಿಚಾರಿಸಿದರೆ ಅಕ್ಕಪಕ್ಕದವರು ‘ಆ ಹುಡುಗಿ ಇಲ್ಲಿ ಇರಂಗಿಲ್ರೀ’ ಎನ್ನುತ್ತಾರೆ. ವಿಳಾಸದಲ್ಲಿ ವಾಸವಿಲ್ಲ ಎಂದು ವರದಿ ಹೋಗುತ್ತದೆ.

‘ಈಗಿನ ವಿಳಾಸ’ ಎಂದರೆ ಈಗ ನಿಜವಾಗಿ ಇರುವ ಮನೆ. ತವರಿನಲ್ಲಿದ್ದರೆ, ಪಾಸ್‌ಪೋರ್ಟಿನಲ್ಲೂ ತವರಿನ ವಿಳಾಸವೇ ಇದ್ದರೆ, ಅದನ್ನೇ ಕೊಡಿ. ಕೆಲಸ ಸಲೀಸು. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿದ್ದು ಅಲ್ಲೇ ಮನೆ ಮಾಡಿದ್ದರೆ ಅಲ್ಲಿಯ ವಿಳಾಸದಿಂದಲೇ ಅರ್ಜಿ ಹಾಕಿ. ಪುಣೆಯವರ ಅರ್ಜಿ ಪುಣೆಯ ಪಾಸ್‌ಪೋರ್ಟ್ ಕಚೇರಿಯ ಮೂಲಕ ಹೋಗುತ್ತದೆ. ಪಾಸ್‌ಪೋರ್ಟಿನ ವಿಳಾಸ ಬೇರೆಯಾಗಿದ್ದರೆ ಈಗಿನ ಮನೆಗೆ ಗಟ್ಟಿಯಾದ ಪುರಾವೆ ಇರಲಿ: ಆಧಾರ್, ಮತದಾರರ ಚೀಟಿ, ಕರೆಂಟ್ ಬಿಲ್, ಗ್ಯಾಸ್ ಸಂಪರ್ಕದ ಕಾಗದ, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್. ಗಂಡನ ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರಿದ್ದು ಇಬ್ಬರ ವಿಳಾಸವೂ ಒಂದೇ ಆಗಿದ್ದರೆ ಅದೂ ಪುರಾವೆಯಾಗುತ್ತದೆ.

ತಿಕೋಟಾ ಕಡೆಯ ದ್ರಾಕ್ಷಿ ತೋಟದ ವಸ್ತಿಗಳಿಗೆ, ಸುತ್ತಲಿನ ತಾಂಡಾಗಳಿಗೆ ಮನೆ ನಂಬರೂ ಇಲ್ಲ, ರಸ್ತೆಯ ಹೆಸರೂ ಇಲ್ಲ. ಅಂಥವರು ಅರ್ಜಿಯಲ್ಲಿ ಊರಿನ ಹೆಸರಿನ ಜೊತೆಗೆ ಗುಡಿ, ಶಾಲೆ, ಕಾಲುವೆಯಂಥ ಒಂದು ಗುರುತು ಬರೆಯಿರಿ. ಸದಾ ಹತ್ತುವ ಮೊಬೈಲ್ ನಂಬರ್ ಕೊಡಿ. ತಮ್ಮನ ಹಳೆಯ ಸಿಮ್ಮಿನ ನಂಬರ್ ಕೊಟ್ಟು, ಠಾಣೆಯಿಂದ ಬಂದ ಕರೆ ತಪ್ಪಿಸಿಕೊಂಡವರು ಎಷ್ಟೋ ಜನ.

ಅರ್ಜಿ ಮತ್ತು ಅಪಾಯಿಂಟ್‌ಮೆಂಟ್

ಅರ್ಜಿ ಹಾಕುವುದು ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ. ಸರ್ಕಾರದ ನಿಜವಾದ ತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದು ಮುಗಿಯುತ್ತದೆ. ಅದೇ ರೂಪದ ನಕಲಿ ತಾಣಗಳು ಹೆಚ್ಚು ಹಣ ಕೇಳುತ್ತವೆ, ಎಚ್ಚರ. ಪಿಸಿಸಿಯ ಸರ್ಕಾರಿ ಶುಲ್ಕ 500 ರೂಪಾಯಿ. ಅದನ್ನು ಆನ್‌ಲೈನ್‌ನಲ್ಲಿ ಕಟ್ಟಿದ ಮೇಲೆಯೇ ದಿನ ಗೊತ್ತುಮಾಡಿಕೊಳ್ಳಲು ಬರುತ್ತದೆ. ಕಂಪ್ಯೂಟರ್ ಸೆಂಟರಿನವರಿಂದ ತುಂಬಿಸಿದರೆ ಅವರ ಸೇವೆಗೆ ಬೇರೆ ಹಣ ಕೊಡಬೇಕಾಗುತ್ತದೆ. ಆದರೆ ಲಾಗಿನ್ ಐಡಿ, ಪಾಸ್‌ವರ್ಡ್, ಮೊಬೈಲ್ ನಂಬರ್ ನಿಮ್ಮವೇ ಇರಲಿ.

ಅರ್ಜಿಯಲ್ಲಿ ಯಾವ ದೇಶಕ್ಕಾಗಿ ಪಿಸಿಸಿ ಬೇಕೆಂದು ಕೇಳುತ್ತಾರೆ. ಪ್ರಮಾಣಪತ್ರದಲ್ಲಿ ಆ ದೇಶದ ಹೆಸರೇ ಅಚ್ಚಾಗುತ್ತದೆ. ಆಸ್ಟ್ರೇಲಿಯಾಕ್ಕೆಂದು ಪಡೆದದ್ದು ಕೆನಡಾಕ್ಕೆ ನಡೆಯುವುದಿಲ್ಲ.

ಮೊದಲೆಲ್ಲ ಪಿಸಿಸಿಗೆ ಹುಬ್ಬಳ್ಳಿಯಂಥ ದೊಡ್ಡ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೇ ಹೋಗಬೇಕಿತ್ತು. 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಗಳ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಅರ್ಜಿ ತೆಗೆದುಕೊಳ್ಳುತ್ತಾರೆ. ಹೀಗಾಗಿ ವಿಜಯಪುರದ ಅಂಚೆ ಕಚೇರಿ ಕೇಂದ್ರದಲ್ಲೇ ಕೆಲಸ ಮುಗಿಸಬಹುದು. ಅಲ್ಲಿ ದಿನ ಸಿಗದಿದ್ದರೆ ಬೆಂಗಳೂರು ಕಚೇರಿಯ ಅಡಿಯ ಬೇರೆ ಕೇಂದ್ರವನ್ನು ಆರಿಸಿಕೊಳ್ಳಬಹುದು. ಹುಬ್ಬಳ್ಳಿಯಲ್ಲಿ ಕಾಗದ ಕೊಟ್ಟರೂ ಪೊಲೀಸ್ ವಿಚಾರಣೆ ಬರುವುದು ನಿಮ್ಮ ಮನೆಯ ವಿಳಾಸಕ್ಕೇ.

ಕೇಂದ್ರಕ್ಕೆ ಹೋಗುವ ದಿನ ಇವು ಜೊತೆಗಿರಲಿ:

- ಮೂಲ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಸ್ವಯಂ ಸಹಿ ಮಾಡಿದ ನಕಲು. ಷರಾ ಬರೆದ ಪುಟವಿದ್ದರೆ ಅದರ ನಕಲೂ ಬೇಕು.
- ಈಗಿನ ವಿಳಾಸದ ಪುರಾವೆ, ಮೂಲ ಮತ್ತು ನಕಲು.
- ಮದುವೆ ನೋಂದಣಿ ಪತ್ರ.
- ವೀಸಾ ಅರ್ಜಿಯ ಸ್ವೀಕೃತಿ ಅಥವಾ ಪಿಸಿಸಿ ಕೇಳಿ ಬಂದ ಪತ್ರ ಇದ್ದರೆ ಅದರ ಪ್ರತಿ.
- ಅಪಾಯಿಂಟ್‌ಮೆಂಟ್‌ನ ವಿವರ, ಅರ್ಜಿ ಸಂಖ್ಯೆ.

ಕೌಂಟರಿನಲ್ಲಿ ಫೋಟೊ, ಬೆರಳಚ್ಚು ತೆಗೆದುಕೊಂಡು ಕಾಗದ ನೋಡುತ್ತಾರೆ. ಪ್ರಮಾಣಪತ್ರ ತಯಾರಾದ ಮೇಲೆ ಎಲ್ಲಿಂದ, ಹೇಗೆ ತೆಗೆದುಕೊಳ್ಳಬೇಕೆಂದು ಅಂದೇ ಕೇಳಿಕೊಂಡು ಬನ್ನಿ.

ಪೊಲೀಸ್ ವಿಚಾರಣೆ

ಇದಾದ ಮೇಲೆ ಫೈಲು ಬೆಂಗಳೂರಿನ ಕಚೇರಿಯಿಂದ ಆನ್‌ಲೈನ್‌ನಲ್ಲೇ ವಿಜಯಪುರದ ಎಸ್ಪಿ ಕಚೇರಿಗೆ ಬರುತ್ತದೆ, ಅಲ್ಲಿಂದ ನಿಮ್ಮ ಠಾಣೆಗೆ. ಠಾಣೆಯ ಸಿಬ್ಬಂದಿ ಮನೆಗೆ ಬರಬಹುದು, ಇಲ್ಲವೆ ‘ಪಾಸ್‌ಪೋರ್ಟ್ ಎನ್‌ಕ್ವಾಯರಿ ಬಂದೈತ್ರಿ, ಕಾಗದ ತೊಗೊಂಡು ಸ್ಟೇಷನ್‌ಗೆ ಬರ್ರಿ’ ಎಂದು ಫೋನು ಮಾಡಬಹುದು. ಅವರು ನೋಡುವುದು ಎರಡು ಸಂಗತಿ. ನೀವು ಹೇಳಿದ ವಿಳಾಸದಲ್ಲಿ ಇದ್ದೀರಾ? ಠಾಣೆಯ ದಾಖಲೆಯಲ್ಲಿ ನಿಮ್ಮ ಮೇಲೆ ಏನಾದರೂ ಇದೆಯಾ? ಅಕ್ಕಪಕ್ಕದ ಇಬ್ಬರನ್ನು ಮಾತಾಡಿಸುವುದು ರೂಢಿ. ಹಾಗಾಗಿ ನೆರೆಯವರಿಗೂ ಒಂದು ಮಾತು ಹೇಳಿಟ್ಟಿರಿ. ಮದುವೆ ಪತ್ರ, ಪಾಸ್‌ಪೋರ್ಟ್ ನಕಲು, ಫೋಟೊ ಒಂದು ಕವರಿನಲ್ಲಿ ಸಿದ್ಧವಿರಲಿ. ವಿಚಾರಣೆಗೆ ಬೇರೆ ಶುಲ್ಕವಿಲ್ಲ. ಕಟ್ಟಬೇಕಾದ 500 ರೂಪಾಯಿ ಆಗಲೇ ಕಟ್ಟಿಯಾಗಿದೆ.

ಮನೆಯಲ್ಲಿ ಇಲ್ಲದಾಗ ಬಂದು ಹೋಗಿ, ಪ್ರತಿಕೂಲ ಅಥವಾ ಅಪೂರ್ಣ ವರದಿ ಹೋದರೆ ಅಲ್ಲಿಗೇ ಮುಗಿಯಿತೆಂದು ತಿಳಿಯಬೇಡಿ. ಪಾಸ್‌ಪೋರ್ಟ್ ಕಚೇರಿಯನ್ನು ಸಂಪರ್ಕಿಸಿ ಮರುವಿಚಾರಣೆಗೆ ಕೋರಬಹುದು. ಅರ್ಜಿ ಎಲ್ಲಿದೆಯೆಂದು ಪೋರ್ಟಲ್‌ನಲ್ಲಿ ಅಥವಾ 1800-258-1800 ಸಹಾಯವಾಣಿಯಲ್ಲಿ ತಿಳಿಯುತ್ತದೆ.

ಹಳೆಯ ಕೇಸು ಇದ್ದರೆ

ಹೊಲದ ಬದುವಿನ ಜಗಳ, ಅಣ್ಣತಮ್ಮಂದಿರ ಆಸ್ತಿ ತಂಟೆ, ಚುನಾವಣೆ ಹೊತ್ತಿನ ಮುಚ್ಚಳಿಕೆ ಹಳ್ಳಿಯಲ್ಲಿ ಅಪರೂಪವಲ್ಲ. ಶಾಂತಿ ಕಾಪಾಡಲು ಬರೆಸಿಕೊಳ್ಳುವ ಮುಚ್ಚಳಿಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 107ನೇ ಕಲಮಿನಡಿ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 126ನೇ ಕಲಮಿನಡಿ ಬರುತ್ತದೆ. ಅದು ಶಿಕ್ಷೆಯಲ್ಲ, ಮುನ್ನೆಚ್ಚರಿಕೆಯ ಕ್ರಮ. ಆದರೆ ಠಾಣೆಯ ದಾಖಲೆಯಲ್ಲಿ ಹೆಸರು ಇರುತ್ತದೆ.

ಎಫ್‌ಐಆರ್ ದಾಖಲಾಗಿರುವುದು, ಕೋರ್ಟಿನಲ್ಲಿ ಕೇಸು ನಡೆಯುತ್ತಿರುವುದು, ಖುಲಾಸೆಯಾಗಿರುವುದು, ಶಿಕ್ಷೆಯಾಗಿರುವುದು ನಾಲ್ಕೂ ಬೇರೆ ಬೇರೆ. ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿಯನ್ನು ಕೋರ್ಟಿನಿಂದ ತೆಗೆಸಿಟ್ಟುಕೊಂಡು ವಿಚಾರಣೆಯ ಹೊತ್ತಿನಲ್ಲಿ ಕೊಡಿ. ಠಾಣೆಯ ದಾಖಲೆಯಲ್ಲಿ ಕೇಸು ಮುಗಿದದ್ದು ಏರದೇ ಉಳಿದಿದ್ದರೆ ಆ ಪ್ರತಿಯೇ ಆಧಾರ. ಕೇಸು ನಡೆಯುತ್ತಿದ್ದರೆ ಪಿಸಿಸಿ ಸಿಗದೇ ಹೋಗಬಹುದು. ಅಂಥವರು ಅರ್ಜಿಗೆ ಮುಂಚೆ ವಕೀಲರನ್ನು ಕಾಣುವುದು ಒಳ್ಳೆಯದು.

ಬೇರೆ ದೇಶದಲ್ಲಿ ಇದ್ದು ಬಂದಿದ್ದರೆ

ದುಬೈಯಲ್ಲಿ ಮೂರು ವರ್ಷ ನರ್ಸ್ ಆಗಿದ್ದು ಬಂದವರಿಗೆ ಭಾರತದ ಪಿಸಿಸಿ ಒಂದೇ ಸಾಲದು, ಅಲ್ಲಿಯದೂ ಬೇಕು. ಇನ್ನೂ ಅಲ್ಲೇ ಇದ್ದರೆ ಹೊರಡುವ ಮುಂಚೆ, ಅಲ್ಲಿಯ ಗುರುತಿನ ಚೀಟಿ ಕೈಯಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಸುಲಭ. ಮತ್ತೆ ಆ ದೇಶಕ್ಕೆ ಹೋಗದಿದ್ದರೆ ಕೆಲವು ವೀಸಾಗಳಲ್ಲಿ ಆ ಪ್ರಮಾಣಪತ್ರ ಮುಂದೆಯೂ ನಡೆಯುತ್ತದೆ. ಊರಿಗೆ ಬಂದ ಮೇಲೆ ಕೆಲವು ದೇಶಗಳಿಗೆ ಬೆರಳಚ್ಚಿನ ಹಾಳೆ ಕಳಿಸಬೇಕಾಗುತ್ತದೆ. ಸಿಂಗಪುರ ಪೊಲೀಸರು ಕೇಳುತ್ತಾರೆ. ಅಮೆರಿಕದ ಎಫ್‌ಬಿಐ ದಾಖಲೆಯೂ ಬೆರಳಚ್ಚಿನ ಮೇಲೆಯೇ ನಿಂತಿದೆ, ಅದರ ಶುಲ್ಕ 18 ಡಾಲರ್. ಬ್ರಿಟನ್ನಿನ ಪ್ರಮಾಣಪತ್ರವನ್ನು ಎಸಿಆರ್‌ಒ ಎಂಬ ಕಚೇರಿ ಕೊಡುತ್ತದೆ, ಅದಕ್ಕೆ ಬೆರಳಚ್ಚು ಬೇಕಿಲ್ಲ. ಬೆರಳಚ್ಚಿಗಾಗಿ ಆ ದೇಶದ ಮಾದರಿ ಹಾಳೆಯನ್ನೂ ಕೇಳಿ ಬಂದ ಪತ್ರವನ್ನೂ ಹಿಡಿದು ಎಸ್ಪಿ ಕಚೇರಿಯಲ್ಲಿ ವಿಚಾರಿಸಿ. ಹೊಲದ ಕೆಲಸದಿಂದ, ಪಾತ್ರೆ ತಿಕ್ಕಿ ಬೆರಳ ಗೆರೆ ಸವೆದವರ ಅಚ್ಚು ಮಸುಕಾಗಿ ತಿರಸ್ಕೃತವಾಗುವುದುಂಟು. ಎರಡು ಹಾಳೆ ಮಾಡಿಸಿ.

ಕೈಗೆ ಬಂದ ಮೇಲೆ

ಕೌಂಟರಿನ ಮುಂದೆಯೇ ನಿಂತು ಹೆಸರಿನ ಅಕ್ಷರ, ಪಾಸ್‌ಪೋರ್ಟ್ ಸಂಖ್ಯೆ, ದೇಶದ ಹೆಸರು, ದಿನಾಂಕ ನೋಡಿಕೊಳ್ಳಿ. ತಪ್ಪಿದ್ದರೆ ಆಗಲೇ ಹೇಳಿ. ಆಸ್ಟ್ರೇಲಿಯಾ, ಕೆನಡಾಕ್ಕೆ ಬಣ್ಣದ ಸ್ಕ್ಯಾನ್ ಪ್ರತಿಯನ್ನು ಆನ್‌ಲೈನ್‌ನಲ್ಲಿ ಹಾಕುತ್ತಾರೆ. ಅಮೆರಿಕದ ಸಂದರ್ಶನಕ್ಕೆ ಮೂಲ ಪ್ರತಿಯನ್ನೇ ಒಯ್ಯಬೇಕು. ಯುರೋಪಿನ ಕೆಲವು ದೇಶಗಳು ಅಪಾಸ್ಟಿಲ್, ಅಂದರೆ ಕಾಗದ ಅಸಲಿಯೆಂದು ಹೊರದೇಶಕ್ಕೆ ದೃಢಪಡಿಸುವ ಮುದ್ರೆ, ಕೇಳುತ್ತವೆ. ಭಾರತ 2005ರಿಂದ ಅಪಾಸ್ಟಿಲ್ ಒಪ್ಪಂದದಲ್ಲಿದೆ, ಮುದ್ರೆಯನ್ನು ವಿದೇಶಾಂಗ ಸಚಿವಾಲಯವೇ ಹಾಕುತ್ತದೆ. ಕೇಳದಿದ್ದರೆ ಅದಕ್ಕೆ ಹಣ ಹಾಕಬೇಡಿ.

ಯಾವಾಗ ಮಾಡಿಸಬೇಕೆಂಬ ಪ್ರಶ್ನೆಗೆ ಹಿಂದಿನಿಂದ ಎಣಿಸಿ ಉತ್ತರ ಹುಡುಕಬೇಕು. ಸಂಗಾತಿ ವೀಸಾ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಲಗ್ನದ ಮರುವಾರವೇ ಆತುರದಲ್ಲಿ ಪಿಸಿಸಿ ಮಾಡಿಸಿದರೆ ವೀಸಾ ತೀರ್ಮಾನವಾಗುವ ಹೊತ್ತಿಗೆ ಅದರ ಅವಧಿ ಮುಗಿದು ಎರಡನೆಯ ಸಲ ಅಲೆಯಬೇಕಾದೀತು. ಆಸ್ಟ್ರೇಲಿಯಾದ ವೀಸಾದಲ್ಲಿ ಇನ್ನೊಂದು ಲೆಕ್ಕವೂ ಇದೆ: ಮೊದಲ ಸಲ ದೇಶ ಪ್ರವೇಶಿಸಬೇಕಾದ ಕೊನೆಯ ದಿನವನ್ನು ಸಾಮಾನ್ಯವಾಗಿ ಪೊಲೀಸ್ ಪ್ರಮಾಣಪತ್ರ ಅಥವಾ ವೈದ್ಯಕೀಯ ತಪಾಸಣೆಯ ದಿನದಿಂದ ಎಣಿಸುತ್ತಾರೆ. ಹೆಸರು, ವಿಳಾಸ, ಪಾಸ್‌ಪೋರ್ಟ್ ತಿದ್ದುವ ಕೆಲಸವನ್ನು ಎಷ್ಟು ಬೇಗ ಮುಗಿಸಿದರೂ ಒಳ್ಳೆಯದೇ. ಪಿಸಿಸಿಯ ಅರ್ಜಿಯನ್ನು ಮಾತ್ರ ಆ ದೇಶ ಹೇಳಿದ ಹಂತಕ್ಕೆ ಹೊಂದಿಸಿ ಹಾಕಿ.

ಕೊನೆಯದಾಗಿ, ಪಿಸಿಸಿ ಶುದ್ಧವಾಗಿ ಬಂತೆಂದು ವೀಸಾ ಅರ್ಜಿಯ ಪ್ರಶ್ನೆಗಳಿಗೆಲ್ಲ ಕಣ್ಣುಮುಚ್ಚಿ ‘ಇಲ್ಲ’ ಎಂದು ಬರೆಯಬೇಡಿ. ಪಿಸಿಸಿ ಹೇಳುವುದು ದಾಖಲೆಯಲ್ಲಿ ಅಡ್ಡಿ ಇಲ್ಲವೆಂದು. ವೀಸಾ ಅರ್ಜಿ ಕೇಳುವುದು ನಿಮ್ಮ ಮೇಲೆ ಎಂದಾದರೂ ಆರೋಪ ಬಂದಿತ್ತೇ, ಎಲ್ಲಾದರೂ ಬಂಧನವಾಗಿತ್ತೇ ಎಂದು. ಖುಲಾಸೆಯಾದ ಹಳೆಯ ಕೇಸನ್ನು ಬರೆದು ತೀರ್ಪಿನ ಪ್ರತಿ ಲಗತ್ತಿಸಿದವರಿಗೆ ಉತ್ತರ ಕೊಡಲು ಅವಕಾಶ ಇರುತ್ತದೆ. ಮುಚ್ಚಿಟ್ಟದ್ದು ಬಯಲಾದರೆ ಸುಳ್ಳು ಮಾಹಿತಿಯೆಂದು ವೀಸಾ ನಿರಾಕರಿಸುವುದಲ್ಲದೆ ಮುಂದಿನ ಅರ್ಜಿಗಳಿಗೂ ನಿರ್ಬಂಧ ಬೀಳಬಹುದು. ಬದುವಿನ ಜಗಳದ ಚಿಕ್ಕ ಕೇಸಿಗಿಂತ ಅದನ್ನು ಮುಚ್ಚಿಟ್ಟ ತಪ್ಪೇ ಆಗ ದೊಡ್ಡದಾಗುತ್ತದೆ.